ಸೂಚನೆ ಹದಿನಾಲ್ಕನ್ನು ನೋಡಿ

ಜನವರಿ 6, ಭಾನುವಾರ

ಗುಬ್ಬಿ,

ಬಾಯ್ಲರ್ ರಿಪೇರಿಗೆಂದು ಇವತ್ತು ಲಾಂಡ್ರಿ ನಿಂತಿದೆ. ಬೆಡ್‌ಶೀಟ್ ಮಡಿಸುವ ಮೇಜಿನ ಮೇಲೆ ಕಾಗದ ಹರಡಿಕೊಂಡು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅಕ್ಕ ತಮ್ಮ ಇಬ್ಬರೂ ಎರಡನೇ ಮಾತಿಗೇ ಕಿತ್ತಾಡುತ್ತೀರಿ, ಮುಖ್ಯವಾದದ್ದೇನಿದ್ದರೂ ಕಾಗದದಲ್ಲಿ ಬರೆದುಕೊಳ್ಳಿ ಎಂದು ಅಮ್ಮ ಹಾಕಿಟ್ಟ ಕಟ್ಟಳೆ ನೆನಪಿದೆಯಲ್ಲ. ಇದು ಮುಖ್ಯವಾದದ್ದು.

ನಿಮ್ಮ ಬಿಸಿನೆಸ್ ಸ್ಕೂಲಿಗೆ ನಾನು ಅರ್ಜಿ ಹಾಕುತ್ತಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸು, ಆಮೇಲೆ ಮುಂದಕ್ಕೆ ಓದು. ಕೆಲಸದಲ್ಲಿರುವವರಿಗೆಂದು ವಾರದ ಕೊನೆಯಲ್ಲಿ ಪಾಠ ನಡೆಯುವ ಕೋರ್ಸ್ ಇದೆಯಲ್ಲ, ಅದಕ್ಕೆ. ಪ್ರವೇಶ ಪರೀಕ್ಷೆಯನ್ನು ನವೆಂಬರಿನಲ್ಲಿ ಯಾರಿಗೂ ಹೇಳದೆ ಬರೆದೆ. ಪಾಸಾಯಿತು. ಅರ್ಜಿಗೆ ಕೊನೆಯ ದಿನ ಈ ತಿಂಗಳ ಮೂವತ್ತೊಂದು.

ಎಲ್ಲವನ್ನೂ ತುಂಬಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮೇಲಧಿಕಾರಿಯ ಶಿಫಾರಸು ಬೇಕು, ಅಂದರೆ ನಮ್ಮ ಲಾಂಡ್ರಿ ಯಜಮಾನರದು. ಅವರ ಕೆಲಸದ ಜಾಗದ ಇಮೇಲ್ ಕೊಟ್ಟರೆ ನಿಮ್ಮ ಕಂಪ್ಯೂಟರ್ ನೇರವಾಗಿ ಅವರಿಗೇ ಒಂದು ಲಿಂಕ್ ಕಳಿಸುತ್ತದಂತೆ. ನಮ್ಮ ಲಾಂಡ್ರಿಗೆ ಇರುವುದು ಒಂದೇ ಇಮೇಲ್. ಆಸ್ಪತ್ರೆಗಳ ಆರ್ಡರ್, ಸೋಪಿನ ಪುಡಿಯವರ ಬಿಲ್, ಯಜಮಾನರ ಮಗಳು ಕಳಿಸುವ ಮೊಮ್ಮಗುವಿನ ಫೋಟೋ, ಎಲ್ಲ ಬಂದು ಬೀಳುವುದು ಅಲ್ಲಿಗೇ. ನನಗೆ ಬೇರೆ ಇಮೇಲ್ ಯಾವತ್ತೂ ಬೇಕಾಗಿರಲಿಲ್ಲ. ಅದನ್ನೇ ಕೊಟ್ಟು ನೋಂದಾಯಿಸಿಕೊಂಡೆ. ಈಗ ಯಜಮಾನರ ಹೆಸರಿನ ಮುಂದೆ ಅದೇ ವಿಳಾಸ ಹಾಕಿದರೆ, ಅರ್ಜಿದಾರರು ತಮಗೆ ತಾವೇ ಶಿಫಾರಸು ಮಾಡಿಕೊಳ್ಳುವಂತಿಲ್ಲ ಎಂದು ಕೆಂಪು ಅಕ್ಷರ ಬರುತ್ತದೆ. ಯಜಮಾನರಿಗೊಂದು ಹೊಸ ಇಮೇಲ್ ಮಾಡಿಕೊಟ್ಟರೆ, ಅದು ಕೆಲಸದ ಜಾಗದ್ದಲ್ಲ, ಒಲ್ಲೆ ಎನ್ನುತ್ತದೆ. ನಾನೇ ಹೊಸ ಇಮೇಲಿನಿಂದ ಮೊದಲಿನಿಂದ ನೋಂದಾಯಿಸಲು ಹೋದರೆ, ಈ ಫೋನ್ ನಂಬರ್ ಆಗಲೇ ಬಳಕೆಯಲ್ಲಿದೆ ಎನ್ನುತ್ತದೆ.

ತಾಂತ್ರಿಕ ಸಹಾಯ ವಿಭಾಗಕ್ಕೆ ಬರೆದೆ. ಉತ್ತರ ಬಂತು: "ನಿಮ್ಮ ಪ್ರಶ್ನೆಗೆ ಧನ್ಯವಾದಗಳು. ಸೂಚನೆ ಹದಿನಾಲ್ಕನ್ನು ನೋಡಿ. ನಿಮ್ಮ ಪ್ರಶ್ನೆಯನ್ನು ಪರಿಹರಿಸಲಾಗಿದೆ." ನೋಡಿದೆ. ನೋಂದಾಯಿತ ಇಮೇಲ್ ಬದಲಿಸಲು ತಾಂತ್ರಿಕ ಸಹಾಯ ವಿಭಾಗಕ್ಕೆ ಬರೆಯಿರಿ ಎಂದಿದೆ. ಮತ್ತೆ ಬರೆದೆ. ಮತ್ತೆ ಅದೇ ಉತ್ತರ.

ನೀನು ಕೂರುವುದು ಅದೇ ವಿಭಾಗದಲ್ಲಿ. ಸೀಟು ಕೊಡಿಸು ಎನ್ನುತ್ತಿಲ್ಲ. ಆ ಇಮೇಲನ್ನು ಬದಲಿಸುವುದು ಹೇಗೆ, ಅಷ್ಟು ಹೇಳು.

ಮಗಳಿಗೆ ಅತ್ತೆಯ ಮುತ್ತು.

ಅಕ್ಕ


ಜನವರಿ 11

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಮಗಳಿಗೆ ಹಲ್ಲು ಬೀಳುತ್ತಿದೆ.

ನೀನು ಕೇಳಿದ ವಿಷಯ. ಸಂಸ್ಥೆಯ ಸಿಬ್ಬಂದಿಯ ಸಂಬಂಧಿಕರು ಅರ್ಜಿ ಹಾಕಿದರೆ ಆ ಸಿಬ್ಬಂದಿ ಅದರಲ್ಲಿ ಕೈಹಾಕುವಂತಿಲ್ಲ ಎಂಬ ನಿಯಮವಿದೆ. ಅವರ ಪ್ರಶ್ನೆ ನಮ್ಮ ಪಾಲಿಗೆ ಬಂದರೂ ಕಾರಣ ಬರೆದು ಪಕ್ಕದವರಿಗೆ ದಾಟಿಸಬೇಕು. ಆದ್ದರಿಂದ ನಾನು ಏನನ್ನೂ ಹೇಳುವ ಸ್ಥಿತಿಯಲ್ಲಿಲ್ಲ. ಸಹಾಯ ಪುಟದ ಮೂಲಕವೇ ಕೇಳು. ಎಲ್ಲರಿಗೂ ಇರುವ ದಾರಿ ನಿನಗೂ ಇದೆ. ನನ್ನ ಕಚೇರಿಯ ವಿಳಾಸಕ್ಕೆ ದಯವಿಟ್ಟು ಏನನ್ನೂ ಕಳಿಸಬೇಡ.

ತಮ್ಮನಾಗಿ ಒಂದು ಮಾತು. ಇಲ್ಲಿಗೆ ಬರುವವರೆಲ್ಲ ಇಪ್ಪತ್ತೈದು, ಇಪ್ಪತ್ತಾರರವರು. ಮಾತಾಡುವ ರೀತಿಯೇ ಬೇರೆ. ನಿನಗೆ ನಲವತ್ತೊಂದು. ಅಲ್ಲಿ ನಿನ್ನನ್ನು ಎಲ್ಲರೂ ಗೌರವಿಸುತ್ತಾರೆ, ಯಜಮಾನರು ನಿನ್ನ ಮಾತು ಮೀರುವುದಿಲ್ಲ. ಇರುವುದನ್ನು ಬಿಟ್ಟು ಈ ತಾಪತ್ರಯ ಯಾಕೆ ಅನ್ನಿಸಿತು. ಸಂಜೆ ಹೊತ್ತು ನಡೆಯುವ ಸಣ್ಣ ಕೋರ್ಸುಗಳು ನಿಮ್ಮ ಊರಿನಲ್ಲೇ ಇರಬೇಕು.

ಹಾಕಲೇಬೇಕು ಎಂದಿದ್ದರೆ ಹಾಕು. ಫೋಟೋದ ಹಿನ್ನೆಲೆ ತಿಳಿ ನೀಲಿ ಇದ್ದರೂ ನಡೆಯುತ್ತದೆ, ಅದಕ್ಕಾಗಿ ಮತ್ತೆ ಸ್ಟುಡಿಯೋಗೆ ಓಡಬೇಡ.

ಇಂತಿ ನಿನ್ನ ತಮ್ಮ


ಜನವರಿ 15

ತಮ್ಮನಿಗೆ,

ನಿನ್ನ ಕಾಗದದಲ್ಲಿ ನನ್ನ ತಮ್ಮ ಎಲ್ಲಿದ್ದಾನೆ ಎಂದು ಹುಡುಕಿದೆ. ಸಿಗಲಿಲ್ಲ.

ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂದು ಕೇಳಿದೆ. ನೀನು ಮನೆಯನ್ನೇ ಬರೆಸಿಕೊಳ್ಳಲು ಬಂದವಳ ಹಾಗೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿದೆ. ಜೊತೆಗೆ ನನ್ನ ವಯಸ್ಸನ್ನೂ ನೆನಪು ಮಾಡಿಕೊಟ್ಟೆ. ಉಪಕಾರವಾಯಿತು, ಮರೆತೇಹೋಗಿತ್ತು.

ನಿಯಮದ ಪಾಠವನ್ನು ನನಗೆ ಹೇಳಬೇಡ. ನಮ್ಮ ಲಾಂಡ್ರಿಯ ನಟ್ಟನಡುವೆ ಒಂದು ಗೋಡೆ ಇದೆ. ಆಸ್ಪತ್ರೆಗಳಿಂದ ಬಂದ ಕೊಳೆ ಬಟ್ಟೆ ಈ ಕಡೆ, ಒಗೆದದ್ದು ಆ ಕಡೆ. ಒಗೆಯುವ ಯಂತ್ರಗಳು ಗೋಡೆಯೊಳಗೇ ಕೂತಿವೆ. ಕೊಳೆ ಕಡೆಯ ಬಾಗಿಲಿನಿಂದ ಹಾಕಿದ್ದನ್ನು ಶುದ್ಧ ಕಡೆಯ ಬಾಗಿಲಿನಿಂದಲೇ ತೆಗೆಯಬೇಕು. ಕೊಳೆ ಮುಟ್ಟಿದ ಕೈ ತಪ್ಪಿ ಆ ಕಡೆಯ ಒಂದು ದಿಂಬಿನ ಚೀಲಕ್ಕೆ ತಾಕಿದರೂ, ಎಲ್ಲೋ ಹೊಲಿಗೆ ಹಾಕಿಸಿಕೊಂಡು ಮಲಗಿರುವ ಯಾರದೋ ಗಾಯ ಕೀವಾಗುತ್ತದೆ. ಅದಕ್ಕೇ ಗೋಡೆಯಲ್ಲಿ ಒಂದು ಗಂಟೆ ತೂಗುಹಾಕಿದ್ದೇವೆ. ತಪ್ಪು ಮಾಡಿದವರು ತಾವೇ ಹೋಗಿ ಬಾರಿಸಬೇಕು. ಬಾರಿಸಿದರೆ ಅಷ್ಟೂ ಬಟ್ಟೆ ಮತ್ತೆ ನೀರಿಗೆ. ಬಾರಿಸಿದವರನ್ನು ಯಾರೂ ಒಂದು ಮಾತು ಕೇಳುವಂತಿಲ್ಲ, ಯಜಮಾನರೂ ಕೇಳುವಂತಿಲ್ಲ. ಬಾರಿಸದೆ ಮುಚ್ಚಿಟ್ಟವರಿಗೆ ಮಾತ್ರ ಮಾರನೆಯ ದಿನ ಕೆಲಸವಿಲ್ಲ. ಹಾಗೆ ಒಬ್ಬಳನ್ನು ನಾನೇ ಮನೆಗೆ ಕಳಿಸಿದ್ದೇನೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದವಳು.

ಗೋಡೆ ಯಾಕೆ ಇರುತ್ತದೆ ಎಂದು ನನಗೆ ಗೊತ್ತು. ಅದರ ಹಿಂದೆ ಅವಿತುಕೊಳ್ಳಲಿಕ್ಕಲ್ಲ.

ಎಲ್ಲರಿಗೂ ಇರುವ ದಾರಿಯಲ್ಲೇ ಹೋದೆ, ಕೇಳು. ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಹಾಡು ಕೇಳಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ಸೂಚನೆ ಹದಿನಾಲ್ಕು ನೋಡಿದ್ರಾ ಮೇಡಂ?"

"ನೋಡಿದೆ ಕಣಮ್ಮ. ಅದು ನಿಮ್ಮನ್ನೇ ಕೇಳು ಅನ್ನುತ್ತೆ."

"ಹಾಗಾದ್ರೆ ಕೇಳಿ ಮೇಡಂ."

ಕೇಳಿದೆ. ಇದು ಫೋನಿನಲ್ಲಿ ಆಗೋದಲ್ಲ, ಪುಟದಲ್ಲಿ ಬರೀರಿ ಎಂದಳು. ಪುಟದಲ್ಲಿ ಬರೆದೆ. ಪರಿಹರಿಸಲಾಗಿದೆ. ಇನ್ನೊಮ್ಮೆ ಬರೆದೆ. ಪರಿಹರಿಸಲಾಗಿದೆ. ನಮ್ಮಲ್ಲಿ ರಕ್ತದ ಕಲೆ ಹೋಗದ ಬೆಡ್‌ಶೀಟನ್ನು ಮಡಿಸಿ ಮೇಲೆ ಶುದ್ಧ ಎಂದು ಚೀಟಿ ಅಂಟಿಸಿದರೆ ಏನಾಗುತ್ತದೋ ಅದನ್ನು ನೀವು ದಿನವಿಡೀ ಮಾಡುತ್ತೀರಿ, ಸಂಬಳ ತೆಗೆದುಕೊಂಡು.

ಯಜಮಾನರು ಬೆಳಗಾದರೆ ಬಂದು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕನ್ನಡಕ ಒರೆಸಿಕೊಳ್ಳುತ್ತಾರೆ. "ಏನಮ್ಮಾ, ನಿಮ್ಮ ಕಾಲೇಜಿನವರಿಗೆ ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ವಾ?" ಎನ್ನುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ, ನನ್ನ ಬಗ್ಗೆ ಬರೆಯಬೇಕಾದದ್ದನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾರೆ. ಅವರಿಗೆ ಏನು ಹೇಳಲಿ? ನನ್ನ ಸ್ವಂತ ತಮ್ಮ ಅಲ್ಲೇ ಇದ್ದಾನೆ, ಅವನು ಹೇಳುವ ಸ್ಥಿತಿಯಲ್ಲಿಲ್ಲ ಎನ್ನಲೇ?

ಲಾಂಡ್ರಿಯ ಅಕ್ಕ ಆ ಹುಡುಗರ ನಡುವೆ ಬಂದು ಕೂತರೆ ನಿನಗೆ ನಾಚಿಕೆಯೋ? ಹಾಗಿದ್ದರೆ ನೆಟ್ಟಗೆ ಹಾಗೆಂದೇ ಬರೆ.

ಅಕ್ಕ


ಜನವರಿ 19

ಅಕ್ಕಾ,

ನಾಚಿಕೆ ಎಂದು ಬರೆದಿದ್ದೀಯ. ಎಷ್ಟು ಸುಲಭವಾಗಿ ಬರೆದುಬಿಟ್ಟೆ.

ನಮ್ಮ ಕೆಲಸ ಏನೆಂದು ನಿನಗೆ ಗೊತ್ತಿಲ್ಲ. ನಮಗೆ ಉತ್ತರಗಳನ್ನು ಕೊಟ್ಟಿಲ್ಲ, ವಾಕ್ಯಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಒಂದನ್ನು ಆರಿಸಿ ಕಳಿಸಬೇಕು. "ಗೊತ್ತಿಲ್ಲ" ಎನ್ನುವುದು ಅವುಗಳಲ್ಲಿಲ್ಲ. "ಪರಿಹರಿಸಲಾಗಿದೆ" ಎಂದು ಒತ್ತದೆ ಮುಂದಿನ ಪ್ರಶ್ನೆ ತೆರೆಯುವುದಿಲ್ಲ. ಎಷ್ಟು ಒತ್ತಿದೆವು ಎಂಬುದನ್ನು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಗೋಡೆಯ ಪರದೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ನಿಮ್ಮಲ್ಲಿ ಗಂಟೆ ಇದೆ, ಒಳ್ಳೆಯದು. ಇಲ್ಲಿ ಗಂಟೆ ಬಾರಿಸಿದವನನ್ನೇ ಮೊದಲು ಮನೆಗೆ ಕಳಿಸುತ್ತಾರೆ.

ಇನ್ನೊಂದು ಮಾತು, ನೀನು ಕೇಳಿದ್ದಕ್ಕೇ ಹೇಳುತ್ತಿದ್ದೇನೆ. ಶಾಲೆಯಿಂದ ಮೊದಲ ಕೆಲಸದವರೆಗೆ ನನ್ನ ಪ್ರತಿಯೊಂದು ಅರ್ಜಿಯನ್ನೂ ನೀನೇ ತುಂಬಿದೆ. ಯಾವ ವಿಷಯ ತೆಗೆದುಕೊಳ್ಳಬೇಕು, ಯಾವ ಊರಿಗೆ ಹೋಗಬೇಕು, ಹವ್ಯಾಸ ಎಂಬ ಜಾಗದಲ್ಲಿ ಏನು ಬರೆಯಬೇಕು, ಎಲ್ಲ ನೀನೇ. ಈಜು ಎಂದು ಬರೆದಿದ್ದೆ. ನನಗೆ ಈಜು ಬರುವುದಿಲ್ಲ. ಸಂದರ್ಶನದಲ್ಲಿ ಅದನ್ನೇ ಕೇಳಿದರು. ನಿನ್ನ ಕೈಬರಹ ಇಲ್ಲದ ಒಂದೇ ಒಂದು ಜಾಗ ನನಗೆ ಇರಲಿ ಎಂದು ಈ ಊರಿಗೆ ಬಂದೆ. ಬೇರೆ ಸ್ಕೂಲುಗಳೇ ಇಲ್ಲವೇ? ಇದೇ ಯಾಕೆ ಬೇಕು ನಿನಗೆ?

ತಮ್ಮ


ಜನವರಿ 23

ತಾಂತ್ರಿಕ ಸಹಾಯ ವಿಭಾಗದವರಿಗೆ,

ನಿಮ್ಮ ಹತ್ತೊಂಬತ್ತನೇ ತಾರೀಕಿನ ಕಾಗದ ಇವತ್ತು ಬಂತು. ಅದು ಬರುವ ಮೊದಲೇ, ನಿನ್ನೆ, ನಾನು ನಿಮ್ಮಲ್ಲಿಗೆ ಬಂದು ಹೋಗಿದ್ದೆ.

ಬೆಳಗಿನ ಮೊದಲ ಬಸ್ಸು ಹಿಡಿದೆ. ನಿನ್ನನ್ನು ನೋಡಲು ಬರಲಿಲ್ಲ, ಕೌಂಟರಿನಲ್ಲಿ ಕೇಳೋಣ ಎಂದು ಬಂದೆ. ಸ್ವಾಗತ ಮೇಜಿನಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ, ತಾಂತ್ರಿಕ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ, ಪುಟದಲ್ಲೇ ಬರೆಯಬೇಕು ಎಂದ. ನಾನು ಹೋಗಲಿಲ್ಲ. ಅಲ್ಲೇ ನಿಂತೆ. ಪಾಪ, ಅವನಿಗೂ ಏನು ಮಾಡಬೇಕೋ ತೋಚದೆ ತನ್ನ ಟ್ಯಾಬ್ಲೆಟನ್ನೇ ಕೊಟ್ಟು ಸೋಫಾ ತೋರಿಸಿದ.

ಆ ಸೋಫಾದ ಎದುರಿಗೆ ಗಾಜಿನ ಗೋಡೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ಪಾರದರ್ಶಕತೆ ನಮ್ಮ ಮೌಲ್ಯ" ಎಂದು ಬರೆದಿದೆ. ಆ ಬರಹದ ಕೆಳಗೆ ನೀನು ಕೂತಿದ್ದೆ. ಕಿವಿಗೆ ಹೆಡ್‌ಫೋನ್, ತಲೆಯ ಹಿಂದೆ ಕೂದಲು ತೆಳ್ಳಗಾಗಿದೆ. ನಿನ್ನ ಪರದೆ ನನಗೆ ಪೂರ್ತಿ ಕಾಣುತ್ತಿತ್ತು, ಓದಲು ಮಾತ್ರ ಆಗುತ್ತಿರಲಿಲ್ಲ.

ನಾನು ಅದೇ ಪ್ರಶ್ನೆಯನ್ನು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ನಿನ್ನ ಪರದೆಯ ಬಣ್ಣ ಬದಲಾಯಿತು. ನೀನು ಓದಿದೆ. ಹಿಂದಕ್ಕೆ ಒರಗಿದೆ. ಕನ್ನಡಕ ತೆಗೆದು, ಚಿಕ್ಕವನಿದ್ದಾಗ ಲೆಕ್ಕ ಬಾರದಿದ್ದರೆ ಮಾಡುತ್ತಿದ್ದೆಯಲ್ಲ, ಹಾಗೆ ಎರಡೂ ಅಂಗೈಯಲ್ಲಿ ಕಣ್ಣು ಒತ್ತಿಕೊಂಡೆ. ಪಕ್ಕದವಳ ಕಡೆ ಒಮ್ಮೆ ನೋಡಿದೆ. ಆಮೇಲೆ ಬೆರಳು ಇಟ್ಟು ಒತ್ತಿದೆ. ನನ್ನ ಕೈಯಲ್ಲಿದ್ದ ಟ್ಯಾಬ್ಲೆಟ್ ಸದ್ದು ಮಾಡಿತು. ಸೂಚನೆ ಹದಿನಾಲ್ಕನ್ನು ನೋಡಿ.

ಆ ಹುಡುಗ, "ಆಯ್ತಾ ಮೇಡಂ?" ಎಂದ. ಆಯ್ತಪ್ಪ ಎಂದೆ.

ನಾನು ಗಾಜು ತಟ್ಟಬಹುದಿತ್ತು. ತಟ್ಟಿದ್ದರೆ ಕೈ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಕಾಕತಾಳೀಯ ಇರಬಹುದು, ಬೇರೆ ಯಾರದೋ ಪ್ರಶ್ನೆ ಇರಬಹುದು ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿದೆ. ಮನೆಗೆ ಬಂದು ನಿನ್ನ ಮೊದಲ ಕಾಗದ ತೆಗೆದೆ. ಫೋಟೋದ ಹಿನ್ನೆಲೆ ತಿಳಿ ನೀಲಿ ಇದ್ದರೂ ನಡೆಯುತ್ತದೆ ಎಂದು ಬರೆದಿದ್ದೆ. ಫೋಟೋದ ಮಾತನ್ನು ನಾನು ನಿನಗೆ ಬರೆದೇ ಇಲ್ಲ. ಅದನ್ನು ಕೇಳಿದ್ದು ಸಹಾಯ ವಿಭಾಗವನ್ನು ಮಾತ್ರ.

ಅಂದರೆ ಮೊದಲಿನಿಂದಲೂ ನೀನೇ. ಪಕ್ಕದವರಿಗೆ ದಾಟಿಸಬೇಕು ಎಂಬ ನಿಯಮವನ್ನು ನನಗೆ ಬರೆದು, ದಾಟಿಸದೆ ಇಟ್ಟುಕೊಂಡೆ.

ಇದೇ ಯಾಕೆ ಎಂದು ಕೇಳಿದ್ದೀಯ. ವಾರದ ಕೊನೆಯಲ್ಲಿ ಬಸ್ಸಿನಲ್ಲಿ ಹೋಗಿ ಬರಬಹುದಾದದ್ದು ಇದೊಂದೇ. ಈಗಲೇ ಯಾಕೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಯಜಮಾನರು ಲಾಂಡ್ರಿ ಮಾರಿದ್ದಾರೆ. ಇಪ್ಪತ್ತೆಂಟಕ್ಕೆ ಬೀಗದ ಕೈ ಕೊಟ್ಟು ಮಗಳ ಮನೆಗೆ ಹೊರಡುತ್ತಾರೆ. ಕೊಂಡವರು ಮ್ಯಾನೇಜ್‌ಮೆಂಟ್ ಪದವಿ ಇಲ್ಲದವರನ್ನು ಮ್ಯಾನೇಜರ್ ಮಾಡುವುದಿಲ್ಲ. ಸೀಟು ಸಿಕ್ಕ ಪತ್ರ ತೋರಿಸಿದರೆ ಕೋರ್ಸ್ ಮುಗಿಯುವವರೆಗೆ ಆ ಜಾಗ ಕಾಯ್ದಿಡುತ್ತೇವೆ ಎಂದಿದ್ದಾರೆ. ನಾನು ಹದಿನೇಳು ವರ್ಷ ನಡೆಸಿದ ಜಾಗದಲ್ಲಿ ನಾನು ಮ್ಯಾನೇಜರ್ ಆಗುತ್ತೇನೋ, ಹೊಸಬನ ಕೈಕೆಳಗೆ ಬೆಡ್‌ಶೀಟ್ ಮಡಿಸುತ್ತೇನೋ ಎಂಬುದು ಆ ಒಂದು ಇಮೇಲಿನಲ್ಲಿದೆ. ನೀನು ಗಾಬರಿಯಾಗುತ್ತೀಯ, ಅಕ್ಕನಿಗೆ ಏನೋ ಕಷ್ಟ ಎಂದು ಕೊರಗುತ್ತೀಯ ಎಂದು ಇದನ್ನು ಬರೆದಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರಾತ್ರಿ ಫೋನ್ ಮಾಡಿದೆ. ಅಮ್ಮನ ಕಟ್ಟಳೆ ಮುರಿದು ಮಾಡಿದೆ. ನೀನು ಎತ್ತಲಿಲ್ಲ.

ಅರ್ಜಿದಾರಳು


ಜನವರಿ 26

ಅಕ್ಕಾ,

ಇಮೇಲ್ ಬದಲಾಯಿಸಲು ಒಂದು ಗುಂಡಿ ಇದೆ. ನಮ್ಮ ಕಡೆಯಿಂದ ಒತ್ತಬೇಕು. ಒತ್ತಿದ್ದೇನೆ. ನಿನ್ನ ಪುಟ ಈಗ ತೆರೆಯುತ್ತದೆ, ಹೊಸ ಇಮೇಲ್ ಹಾಕು, ಯಜಮಾನರಿಗೆ ಲಿಂಕ್ ಹೋಗುತ್ತದೆ. ಅಷ್ಟೇ ಕೆಲಸ. ಅಷ್ಟೇ ಇದ್ದದ್ದು.

ಹೌದು, ನಾನೇ. ನಿನ್ನ ಮೊದಲ ಪ್ರಶ್ನೆ ಬಂದಾಗ ದಾಟಿಸಬೇಕು ಎಂದೇ ಇದ್ದೆ. ಕಾರಣ ಎಂಬ ಕಲಂನಲ್ಲಿ ಅಕ್ಕ ಎಂದು ಬರೆಯಬೇಕಿತ್ತು. ಬರೆದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಗೊತ್ತಾದರೆ ಏನು ಎಂದು ನೀನು ಕೇಳುತ್ತೀಯ. ಇದೇ ಕೋರ್ಸಿಗೆ ನಾನೂ ಅರ್ಜಿ ಹಾಕಿದ್ದೆ, ಅಕ್ಕಾ. ಎರಡು ಸಲ. ಎರಡು ಸಲವೂ ಸಂದರ್ಶನದಲ್ಲಿ ಬಿದ್ದೆ. ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿ, ನಾನೇ ಈ ವರ್ಷ ಬೇಡ ಎಂದು ಮುಂದೂಡಿದೆ ಎಂದುಕೊಂಡಿದ್ದಾಳೆ. ನೀನು ಬಂದರೆ ನಿನಗೆ ಸಿಗುತ್ತದೆ. ನಿನಗೆ ಸಿಗದೆ ಇರುವುದು ಯಾವತ್ತು? ಪ್ರತಿ ಶನಿವಾರ ಆ ಗಾಜಿನ ಆಚೆ ನೀನು ಪುಸ್ತಕ ಹಿಡಿದು ನಡೆಯುತ್ತೀಯ, ಈಚೆ ನಾನು ಒತ್ತುತ್ತ ಕೂತಿರುತ್ತೇನೆ. ಅದನ್ನು ನೆನೆಸಿಕೊಂಡು ಮೊದಲ ಸಲ ಒತ್ತಿದೆ. ಆಮೇಲಿನದೆಲ್ಲ ಮೊದಲನೆಯದನ್ನು ಮುಚ್ಚಲಿಕ್ಕೆ.

ಲಾಂಡ್ರಿಯ ವಿಷಯ ನೀನು ಹೇಳಿರಲಿಲ್ಲ. ಹೇಳಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅದನ್ನಾದರೂ ನಂಬು. ಗಾಜಿನ ಆಚೆ ನಿಂತು, ಕಳ್ಳನನ್ನು ನೋಡಿದ ಹಾಗೆ ನೋಡಿ, ತಟ್ಟದೆ ಹೋದೆಯಲ್ಲ, ಅದೂ ಸರಿಯಲ್ಲ.

ಇದು ನಮ್ಮಿಬ್ಬರಲ್ಲೇ ಇರಲಿ. ಒಂದನೇ ತಾರೀಕಿಗೆ ನನ್ನ ಕೆಲಸದ ಒಪ್ಪಂದ ನವೀಕರಣವಾಗಬೇಕು. ಈಗ ಎಲ್ಲ ಸರಿಹೋಯಿತಲ್ಲ.

ಗುಬ್ಬಿ


ಜನವರಿ 30

ಗುಬ್ಬಿ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಇಪ್ಪತ್ತೆಂಟು ಮೊನ್ನೆಯೇ ಮುಗಿದಿತ್ತು.

ಯಜಮಾನರು ಎಲ್ಲರ ಕೈ ಕುಲುಕಿ, ಗಂಟೆಯನ್ನು ಒಮ್ಮೆ ಒರೆಸಿ ಹೊರಟರು. ಕೊಂಡವರು ಸದ್ಯಕ್ಕೆಂದು ಕಳಿಸಿದ ಹೊಸ ಮ್ಯಾನೇಜರ್ ಆಫೀಸಿನಲ್ಲಿ ಕೂತು ಮೊದಲು ಮಾಡಿದ ಕೆಲಸ ಆ ಇಮೇಲಿನ ಪಾಸ್‌ವರ್ಡ್ ಬದಲಾಯಿಸಿದ್ದು. ನಿನ್ನ ಕಾಗದ ಓದಿದವಳೇ ಹೊಸ ಇಮೇಲ್ ಹಾಕಿದೆ; ನೀನು ತೆರೆದ ಬಾಗಿಲಿನಿಂದ ಲಾಂಡ್ರಿಯ ಇಮೇಲಿಗೆ ಹೋದ ಲಿಂಕ್ ಈಗ ಅವನ ಮೇಜಿನಲ್ಲಿ ಬಿದ್ದಿದೆ. ಅವನು ನನ್ನನ್ನು ನೋಡಿ ಎರಡು ದಿನ. ಶಿಫಾರಸಿನಲ್ಲಿ ಏನು ಬರೆದಾನು, ಎತ್ತರ ಇದ್ದಾಳೆ ಎಂದೇ?

ಎಲ್ಲ ಸರಿಹೋಯಿತಲ್ಲ ಎಂದು ಬರೆದಿದ್ದೀಯ.

ನಿನ್ನೆ ಸಂಜೆ ನಿಮ್ಮ ಸೂಚನೆಗಳನ್ನೆಲ್ಲ ಮೊದಲಿನಿಂದ ಓದಿದೆ. ಕೆಲಸ ಬಿಟ್ಟ ಮೇಲಧಿಕಾರಿಯಾದರೆ ಶಿಫಾರಸನ್ನು ಸಹಿ ಹಾಕಿ ಅಂಚೆಯಲ್ಲಿ ಕಳಿಸಬಹುದು. ಯಜಮಾನರಿಗೆ ಫೋನ್ ಮಾಡಿದೆ, ಬರೆದೇ ಇಟ್ಟಿದ್ದಾರೆ. ಆದರೆ ಅಂಚೆ ನಾಳೆಯೊಳಗೆ ಮುಟ್ಟುವುದಿಲ್ಲ. ಹಾಗೆಯೇ ಕೆಳಗೆ ಬಂದರೆ ಸೂಚನೆ ಇಪ್ಪತ್ತೆರಡು. ಸಹಾಯ ವಿಭಾಗದ ತಪ್ಪಿನಿಂದ ಅರ್ಜಿ ಅಪೂರ್ಣವಾದರೆ, ಕೊನೆಯ ದಿನದೊಳಗೆ ದೂರು ಕೊಟ್ಟವರಿಗೆ ಹತ್ತು ದಿನದ ಹೆಚ್ಚಿನ ಅವಕಾಶ. ತಪ್ಪು ಏನು, ಯಾರಿಂದ ಆಯಿತು ಎಂದು ಬರೆಯಬೇಕು. ಈ ಸೂಚನೆ ನಿನಗೆ ಬಾಯಿಗೇ ಬರುತ್ತದೆ. ಇಪ್ಪತ್ತಾರನೆಯ ತಾರೀಕು ಅಷ್ಟೆಲ್ಲ ಬರೆದವನು, ಅತ್ತವನು, ಇದನ್ನು ಬರೆಯಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅಲ್ಲಿ. ಮಿಕ್ಕದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ.

ಈಜು ಎಂದು ಬರೆದದ್ದು ನನ್ನ ತಪ್ಪು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಎರಡು ಸಲ ಬಿದ್ದದ್ದನ್ನು ನನ್ನ ಹತ್ತಿರ ಹೇಳಿದ್ದರೆ ನಾನು ನಗುತ್ತಿದ್ದೆ ಎಂದುಕೊಂಡೆಯಾ? ನಗುತ್ತಿದ್ದೆ. ಆಮೇಲೆ ಬಸ್ಸು ಹತ್ತಿ ಬಂದು ನಿನ್ನ ಪಕ್ಕ ಕೂರುತ್ತಿದ್ದೆ. ಅದಕ್ಕೂ ಇದಕ್ಕೂ ಲೆಕ್ಕ ಹೊಂದಿಸಬೇಡ.

ದೂರು ಬರೆದಿದ್ದೇನೆ. ಬೈಗುಳ ಒಂದೂ ಇಲ್ಲ. ಯಾವ ಯಾವ ದಿನ ಏನು ಕೇಳಿದೆ, ಏನು ಉತ್ತರ ಬಂತು, ಯಾರು ಒತ್ತಿದರು, ಗಾಜಿನಿಂದ ನಾನು ಏನು ನೋಡಿದೆ, ಅಷ್ಟೇ. ನೀನು ಅರ್ಜಿ ಹಾಕಿದ್ದ ಸುದ್ದಿ ಅದರಲ್ಲಿಲ್ಲ. ಅದು ನಿನ್ನದು. ದೂರಿನ ಕೊನೆಯಲ್ಲಿ, ಸಂಬಂಧಪಟ್ಟ ಸಿಬ್ಬಂದಿ ನಿಮಗೆ ಏನಾಗಬೇಕು ಎಂಬ ಕಲಂ ಇದೆ. ನೀನು ಬರೆಯಲಾರದೆ ಬಿಟ್ಟೆಯಲ್ಲ, ಅಂಥದ್ದೇ. ತಮ್ಮ ಎಂದು ತುಂಬಿದ್ದೇನೆ. ಅದನ್ನು ಅಳಿಸುವುದಿಲ್ಲ.

ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವ ನಮ್ಮ ಬಾಯ್ಲರ್ ಮಾವ ಇವತ್ತು ಮಗನನ್ನು ನೋಡಲು ನಿಮ್ಮ ಊರಿಗೆ ಬರುತ್ತಿದ್ದಾರೆ. ಈ ಕಾಗದವನ್ನು ಅಂಚೆಗೆ ಹಾಕದೆ ಅವರ ಕೈಗೆ ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ, ನೀನು ಕೆಲಸಕ್ಕೆ ಹೊರಡುವ ಮೊದಲು, ನಿನ್ನ ಮನೆ ಬಾಗಿಲಿಗೆ ತಂದು ಕೊಡುತ್ತಾರೆ. ಅವರನ್ನು ಒಳಗೆ ಕರೆದು ಕೂರಿಸು.

ನಿಮ್ಮ ಮೇಡಂ ಕಚೇರಿಗೆ ಬರುವುದು ಒಂಬತ್ತಕ್ಕೆ, ದೂರಿನ ಪುಟ ತೆರೆಯುವುದು ಹತ್ತಕ್ಕೆ. ನಡುವೆ ಇರುವ ಹೊತ್ತು ನಿನ್ನದು. ನಿಮ್ಮ ಗೋಡೆಯಲ್ಲಿ ಗಂಟೆ ಇಲ್ಲ. ಮೇಡಂನ ಬಾಗಿಲಾದರೂ ಇರಬೇಕು. ನೀನಾಗಿ ಹೋಗಿ ಹೇಳಿದರೂ ನಿನ್ನ ಕೆಲಸ ಉಳಿಯುತ್ತದೆ ಎಂದು ನಾನು ಹೇಳಲಾರೆ. ಹೇಳು ಎಂದೂ ನಾನು ಹೇಳುತ್ತಿಲ್ಲ. ನಿನ್ನ ಅರ್ಜಿಗಳನ್ನು ತುಂಬುವುದನ್ನು ನಾನು ಬಿಟ್ಟಿದ್ದೇನೆ.

ನೀನು ಹೇಳಿದರೂ, ಹೇಳದಿದ್ದರೂ, ನಾಳೆ ಹತ್ತಕ್ಕೆ ನಾನು ಒತ್ತುತ್ತೇನೆ.

ಅಕ್ಕ